ನಮ್ಮನೆಗೆ ಒಂದಾಳು ಬೇಕಾಗಿತ್ತು

ಕಾರೇಮರದಹಳ್ಳಿಯ ಜವರಪ್ಪ ಮೂವತ್ತೊಂದು ವರ್ಷದ ಸಂಸಾರವನ್ನು ಕೆಮ್ಮಿನಲ್ಲೇ ನಡೆಸಿಕೊಂಡು ಬಂದಿದ್ದ. ಅದು ಕಾಯಿಲೆಯ ಕೆಮ್ಮಲ್ಲ. ಒಂದು ಸಲ ಕೆಮ್ಮಿದರೆ ನೀರು, ಎರಡು ಸಲ ಕೆಮ್ಮಿದರೆ ಊಟ. ಗಂಟಲನ್ನು ಮಾತ್ರ ಗೊರ ಗೊರ ಅನ್ನಿಸಿದರೆ ಟವಲು. ಜಗಲಿಯ ಮೇಲೆ ಕೂತು ಗದ್ದವನ್ನು ಮೇಲಕ್ಕೆತ್ತಿದನೆಂದರೆ ಎಮ್ಮೆ ಬಿಸಿಲಿನಲ್ಲಿದೆ, ನೆರಳಿಗೆ ಕಟ್ಟು ಎಂದರ್ಥ. ಅವನ ಹೆಂಡತಿ ಹೊಂಬಾಳಮ್ಮ ಮದುವೆಯಾಗಿ ಬಂದ ಮೊದಲ ವರ್ಷದಲ್ಲೇ ಇದನ್ನೆಲ್ಲ ಕಲಿತುಬಿಟ್ಟಿದ್ದಳು. ಆಮೇಲೆ ಅವಳಿಗೆ ಅದು ಕೆಮ್ಮು ಅನ್ನಿಸುವುದೂ ನಿಂತುಹೋಗಿತ್ತು.

ಊರಿನಲ್ಲಿ ಆ ಗದ್ದಕ್ಕೆ ಬೆಲೆಯಿತ್ತು. ಜವರಪ್ಪ ಆಲೆಮನೆಯಲ್ಲಿ ಪಾಕ ನೋಡುವವನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲವಾಗುವ ಹದ ಒಂದು ಗಳಿಗೆಯದು. ಅದಕ್ಕೆ ಮುಂಚೆ ಇಳಿಸಿದರೆ ಅಚ್ಚು ಕೂರುವುದಿಲ್ಲ, ದಾಟಿದರೆ ಸೀದುಹೋಗುತ್ತದೆ. ಜವರಪ್ಪ ಸೌಟಿನಿಂದ ಒಂದು ಎಳೆ ಎತ್ತಿ ನೋಡಿ ಗದ್ದ ಎತ್ತಿದನೆಂದರೆ ನಾಲ್ಕು ಜನ ಓಡಿಬಂದು ಕೊಪ್ಪರಿಗೆ ಇಳಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆ ಪಾಕ ಅಳೆಯುವ ಯಂತ್ರಗಳು ಬಂದು ವರ್ಷಗಳಾಗಿದ್ದವು. ಕಬ್ಬಿಗೆ ಔಷಧಿ ಹೊಡೆಯಲು ಡ್ರೋನು, ಪೇಟೆಗೆ ಹೋಗಲು ಡ್ರೈವರಿಲ್ಲದ ಬಸ್ಸು ಎಲ್ಲವೂ ಬಂದಿದ್ದವು. ಆದರೂ ಕಾರೇಮರದಹಳ್ಳಿಯವರು ಬಸ್ಸಿಳಿದ ಮೇಲೆ ಅದರ ಪಕ್ಕೆ ತಟ್ಟಿ "ರೈಟ್" ಅನ್ನುವುದನ್ನೂ ಬಿಟ್ಟಿರಲಿಲ್ಲ, ಪಾಕಕ್ಕೆ ಜವರಪ್ಪನನ್ನು ಕರೆಯುವುದನ್ನೂ ಬಿಟ್ಟಿರಲಿಲ್ಲ.

ಅಂಥ ಜವರಪ್ಪನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ರಕ್ತದೊತ್ತಡ ಅವನಂತೆಯೇ ಮಾತಾಡದೆ ಕೂತು ಕೆಲಸ ಮುಗಿಸಿತ್ತು. ವಾರಕ್ಕೆ ಮೂರು ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಎಡಗೈಗೆ ಸೂಜಿ ಚುಚ್ಚಿಸಿಕೊಂಡು, ಮೈಯ ರಕ್ತವನ್ನೆಲ್ಲ ಯಂತ್ರದಲ್ಲಿ ಸೋಸಿಸಿಕೊಂಡು ಬರಬೇಕಾಯಿತು. ದಿನಕ್ಕೆ ಮೂರೇ ಲೋಟ ನೀರು. ಕಬ್ಬಿನ ಹಾಲಂತೂ ಮೂಸುವಂತೆಯೂ ಇಲ್ಲ. ಹೀಗೇ ಬಹಳ ದಿನ ಎಳೆಯಲಾಗುವುದಿಲ್ಲ, ಹೃದಯ ಸೋಲುತ್ತಿದೆ, ಬೇರೆ ಕಿಡ್ನಿ ಹಾಕಿಸಲೇಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದರು.

"ಕೊಡೋರು ಯಾರಾದ್ರೂ ಇದ್ದಾರಾ?" ಎಂದು ಅವರು ಕೇಳಿದಾಗ ಜವರಪ್ಪ ಅರ್ಧ ಕೆಮ್ಮಿ, ಬೆಂಚಿನ ಮೇಲೆ ಕೂತಿದ್ದ ಹೊಂಬಾಳಮ್ಮನ ಕಡೆಗೆ ಗದ್ದ ತಿರುಗಿಸಿದ.

ಹೊಂಬಾಳಮ್ಮ ಆಗ ಬೆಂಚಿನ ಕೆಳಗೆ ಉರುಳಿದ್ದ ಊಟದ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು. ತಲೆ ಎತ್ತಿ, "ಹೂಂ, ಬರ್ಕಳಿ," ಅಂದಳು.

ಅಲ್ಲಿಗೆ ಆ ಮಾತು ಮುಗಿದಿತ್ತು.

ಆದರೆ ಅವಳ ರಕ್ತ ಅವನಿಗೆ ಒಗ್ಗಲಿಲ್ಲ. ಆ ಹೊತ್ತಿಗೆ ಜಿಲ್ಲೆಗೊಂದರಂತೆ ಕೊಂಡಿ ಕೇಂದ್ರಗಳು ಬಂದಿದ್ದವು. ಗಂಡನಿಗೆ ಕೊಡಲು ಹೆಂಡತಿ ಸಿದ್ಧ, ಮೈ ಒಗ್ಗದು. ಇನ್ನೆಲ್ಲೋ ತಂಗಿಗೆ ಕೊಡಲು ಅಣ್ಣ ಸಿದ್ಧ, ಅಲ್ಲೂ ಒಗ್ಗದು. ಹೀಗೆ ಒಗ್ಗದ ಜೋಡಿಗಳನ್ನೆಲ್ಲ ಅಲ್ಲಿನ ಯಂತ್ರ ನೆನಪಿಟ್ಟುಕೊಳ್ಳುತ್ತಿತ್ತು. ಇವರದನ್ನು ಅವರಿಗೆ, ಅವರದನ್ನು ಮತ್ತೊಬ್ಬರಿಗೆ ಎಂದು ಸುತ್ತು ಹಾಕಿ, ಕೊನೆಯವರದನ್ನು ಮೊದಲನೆಯವರಿಗೆ ತಂದು ಮುಟ್ಟಿಸುತ್ತಿತ್ತು. ಗಂಡ ಹೆಂಡಿರಿಬ್ಬರೂ ಒಂದೊಂದು ತೊಟ್ಟು ಎಂಜಲು ಕೊಟ್ಟು ಬಂದ ಒಂಬತ್ತನೆಯ ದಿನಕ್ಕೆ ಕೇಂದ್ರದಿಂದ ಕರೆ ಬಂತು. ನಾಲ್ಕು ಮನೆಯ ಸುತ್ತೊಂದು ಸಿಕ್ಕಿತ್ತು.

ಕೇಂದ್ರದ ಡಾಕ್ಟರು ಲವೀನಾ. ಕರಾವಳಿ ಕಡೆಯ ಹೆಣ್ಣುಮಗಳು, ಮೂವತ್ತು ದಾಟಿರಲಿಲ್ಲ. ಗೋಡೆಯಗಲದ ಪರದೆಯ ಮೇಲೆ ರಾಜ್ಯದ ನಕ್ಷೆ ಬೆಳಗುತ್ತಿತ್ತು. ಅದರಲ್ಲಿ ನಾಲ್ಕು ಚುಕ್ಕೆ, ನಾಲ್ಕು ಗೆರೆ.

"ಇಲ್ಲಿ ನೋಡಿ ಹೊಂಬಾಳಮ್ಮ, ಇದು ನೀವು. ನಿಮ್ಮ ಕಿಡ್ನಿ ಈ ಮನೆಗೆ ಹೋಗ್ತದೆ. ಈ ಮನೆಯವರದ್ದು ಅಲ್ಲಿಗೆ. ಅಲ್ಲಿಯದ್ದು ಮತ್ತೊಂದು ಕಡೆಗೆ. ಅಲ್ಲಿಂದ ನಿಮ್ಮ ಯಜಮಾನ್ರಿಗೆ. ಒಂದೇ ದಿನ ನಾಲ್ಕು ಕಡೆ ಆಪರೇಶನ್. ಯಾರ ಹೆಸರೂ ಯಾರಿಗೂ ಹೇಳ್ಲಿಕ್ಕಿಲ್ಲ. ಅರ್ಥ ಆಯ್ತಾ? ಸ್ವಲ್ಪ ಕಷ್ಟ ಉಂಟು, ಬೇಕಾದ್ರೆ ಇನ್ನೊಮ್ಮೆ—"

"ಕಷ್ಟ ಏನವ್ವ, ಮುಯ್ಯಾಳಲ್ವಾ ಇದು?"

ಲವೀನಾಗೆ ಅದು ಗೊತ್ತಿರಲಿಲ್ಲ. ಹೊಂಬಾಳಮ್ಮ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ತಾನೇ ಡಾಕ್ಟರಾದಂತೆ ವಿವರಿಸಿದಳು. ಇವತ್ತು ನಾನು ನಿಮ್ಮ ಗದ್ದೆಗೆ ನಾಟಿಗೆ ಬಂದರೆ ನಾಳೆ ನಿಮ್ಮ ಮನೆಯಿಂದ ಒಂದಾಳು ನಮ್ಮ ಗದ್ದೆಗೆ. ನಿಮಗೆ ಬರಲಾಗದಿದ್ದರೆ ನಿಮಗೆ ಮುಯ್ಯಿ ಕೊಡಬೇಕಾದ ಇನ್ನೊಬ್ಬರನ್ನು ಕಳಿಸುತ್ತೀರಿ. ಕೂಲಿಯಿಲ್ಲ, ಆಳಿಗೆ ಆಳು. "ನಮ್ಮೂರಲ್ಲಿ ಹತ್ತು ಮನೆ ಸುತ್ಕೊಂಡು ಬತ್ತದೆ. ನಿಮ್ಮ ಮಿಷನ್ನು ನಾಕು ಮನೆ ಸುತ್ತೋಕೆ ಒಂಬತ್ತು ದಿನ ತಕ್ಕೊಂಡದಾ?"

ಲವೀನಾ ನಕ್ಕಳು. "ಹಾಗಾದ್ರೆ ಯಾರು ಬೇಕಾದ್ರೂ ಯಾರ ಗದ್ದೆಗೂ ಹೋಗಬಹುದಾ?"

"ಉಂಟೇ? ಕರೀಬೇಕು!" ಹೊಂಬಾಳಮ್ಮನಿಗೆ ಗಾಬರಿಯೇ ಆಯಿತು. ಕರೆಯುವುದಕ್ಕೊಂದು ಕ್ರಮವಿತ್ತು. ಗೋಡೆಗೆ ಗೋಡೆ ತಾಗಿದ ಮನೆಯಾದರೂ, ಒಡಹುಟ್ಟಿದ ಅಣ್ಣನ ಮನೆಯೇ ಆದರೂ, ಹೊಸಿಲ ಆಚೆ ನಿಂತು "ನಮ್ಮನೆಗೆ ಒಂದಾಳು ಬೇಕಾಗಿತ್ತು" ಅನ್ನಬೇಕು. ಒಳಗಿನವರು ತಕ್ಷಣ ಒಪ್ಪುವುದಿಲ್ಲ. ಯಾವ ಕೆಲಸ, ಎಷ್ಟು ದಿನದ್ದು, ಊಟ ಏನು ಎಂದೆಲ್ಲ ಕೇಳುತ್ತಾರೆ. ಎಲ್ಲ ಗೊತ್ತಿದ್ದೇ ಕೇಳುತ್ತಾರೆ. ಆಮೇಲೆ "ಬತ್ತೀವಿ ಓಗಿ" ಅನ್ನುತ್ತಾರೆ. ಕರೆಯದೆ ಯಾರೂ ಯಾರ ಗದ್ದೆಗೂ ಇಳಿಯುವುದಿಲ್ಲ. ಜವರಪ್ಪನ ಮನೆಯ ಮುಯ್ಯಿ ಕರೆಯುವ ಕೆಲಸ ಹೊಂಬಾಳಮ್ಮನದೇ. ಅವನು ಯಾರ ಹೊಸಿಲಿಗೂ ಹೋಗಿ ನಿಂತವನಲ್ಲ. ಪಾಕಕ್ಕೆ ಬನ್ನಿ ಎಂದು ಊರೇ ಅವನ ಹೊಸಿಲಿಗೆ ಬರುತ್ತಿತ್ತು.

"ಚೆಂದ ಉಂಟು," ಎಂದ ಲವೀನಾ ಮೇಜಿನ ಖಾನೆಯಿಂದ ಒಂದು ಬೂದುಬಣ್ಣದ ಪಟ್ಟಿ ತೆಗೆದಳು. "ಇನ್ನು ಇದೊಂದು ಬಾಕಿ."

ಅದು ಒಪ್ಪಿಗೆಯ ಪಟ್ಟಿ. ಹಿಂದೆ ಎಷ್ಟೋ ಜನ, ಅದರಲ್ಲೂ ಹೆಂಗಸರು, ಮನೆಯವರ ಒತ್ತಾಯಕ್ಕೆ ಬಾಯಲ್ಲಿ ಹೂಂ ಎಂದು ಒಳಗೊಳಗೇ ಬೇಡವೆಂದುಕೊಂಡು ಕಿಡ್ನಿ ಕೊಟ್ಟಿದ್ದುಂಟು. ಅದಕ್ಕೇ ಈಗ ಹೊಸ ಕಾನೂನು. ಹದಿನೈದು ದಿನ ಪಟ್ಟಿ ಕಟ್ಟಿಕೊಳ್ಳಬೇಕು. ದಿನಕ್ಕೆ ಮೂರು ಸಲ, ಯಾವಾಗೆಂದು ಹೇಳದೆ, ಅದು ಒಂದೇ ಪ್ರಶ್ನೆ ಕೇಳುತ್ತದೆ. ಬಾಯಿ ಕೊಡುವ ಉತ್ತರ ಅದಕ್ಕೆ ಬೇಕಿಲ್ಲ. ಪ್ರಶ್ನೆ ಕಿವಿಗೆ ಬಿದ್ದಾಗ ನಾಡಿ ಹೇಗೆ ಹೊಡೆಯಿತು, ಚರ್ಮ ಎಷ್ಟು ಬೆವರಿತು, ಬೆವರಲ್ಲಿ ಉಪ್ಪೆಷ್ಟು ಎಂದು ನೋಡಿಕೊಳ್ಳುತ್ತದೆ. ಮನಸ್ಸು ಒಪ್ಪಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೊನೆಯ ದಿನ ಮೂರಕ್ಕೆ ಮೂರೂ ಹಸಿರು ಬರಬೇಕು. ಬರದಿದ್ದರೆ ಆ ಕೊಂಡಿ ಕಳಚಿದಂತೆ. ಒಂದು ಕಳಚಿದರೆ ನಾಲ್ಕು ಮನೆಗೂ ಇಲ್ಲ.

"ಬಣ್ಣ ನಿಮಗೆ ಮಾತ್ರ ಕಾಣುವ ಹಾಗೆ ಮಣಿಕಟ್ಟಿನ ಒಳಬದಿಗೆ ಉಂಟು. ಯಾರಿಗೂ ತೋರಿಸ್ಬಾರ್ದು, ಗುಟ್ಟು," ಎಂದು ಲವೀನಾ ಎರಡೆರಡು ಸಲ ಹೇಳಿ ಕಳಿಸಿದಳು.

ಸಂಜೆ ನಲ್ಲಿಯ ಹತ್ತಿರ ಹದಿನಾಲ್ಕು ಜನ ಹೆಂಗಸರು ಅದನ್ನು ಮುಟ್ಟಿ ನೋಡಿದರು. ಪಕ್ಕದ ಮನೆಯ ಚೆಲುವಮ್ಮನಂತೂ ತನ್ನ ಕೈಗೆ ಹಾಕಿಕೊಂಡು ನೋಡಲು ಎಳೆದಾಡುತ್ತಿದ್ದಾಗಲೇ ಪಟ್ಟಿ ಪಠ್ಯಪುಸ್ತಕದ ಹುಡುಗಿಯ ದನಿಯಲ್ಲಿ ಮಾತಾಡಿತು.

"ನಮಸ್ಕಾರ. ತಾವು ಅಂಗದಾನಕ್ಕೆ ಈಗಲೂ ಸಿದ್ಧರಿದ್ದೀರಾ?"

"ಹೂಂ ಕಣ್ ಮಗ, ಇವ್ನಿ," ಅಂದಳು ಹೊಂಬಾಳಮ್ಮ ನಗುತ್ತ.

ಕೆಂಪು ಬಂತು.

"ನಾನ್ ಎಳ್ದಾಡಿದ್ಕೆ ಕಣೆ," ಎಂದು ಚೆಲುವಮ್ಮ ಕೈ ಹಿಂದಕ್ಕೆಳೆದುಕೊಂಡಳು.

ಮಾರನೆಯ ದಿನ ಯಾರೂ ಎಳೆದಾಡಲಿಲ್ಲ. ಮೂರೂ ಸಲ ಕೆಂಪು. ಅದರ ಮಾರನೆಯ ದಿನವೂ ಅದೇ. ಹೊಂಬಾಳಮ್ಮ ಜೋರಾಗಿ ಹೂಂ ಅಂದು ನೋಡಿದಳು, ಮೆಲ್ಲಗೆ ಅಂದು ನೋಡಿದಳು, ಮಣಿಕಟ್ಟನ್ನು ತಣ್ಣೀರಲ್ಲಿ ಅದ್ದಿಟ್ಟುಕೊಂಡು ಅಂದಳು. ಒಮ್ಮೆ "ನಿಮ್ಮಪ್ಪನಾಣೆ ಕೊಡ್ತೀನಿ ಕಣೆ" ಎಂದು ಪಟ್ಟಿಯ ಅಪ್ಪನ ಮೇಲೆ ಆಣೆಯಿಟ್ಟದ್ದೂ ಆಯಿತು. ಪಟ್ಟಿ ಯಾವುದಕ್ಕೂ ಜಗ್ಗಲಿಲ್ಲ. ನಡುವೆ ಎಲ್ಲೋ ಒಂದೆರಡು ಸಲ ಹಸಿರು ಮಿಣುಕಿದ್ದುಂಟು. ಯಾಕೆ ಮಿಣುಕಿತು ಎನ್ನುವುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಊರು ಇದನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿತು. ಹೊಂಬಾಳಮ್ಮನ ಮನಸ್ಸಿಗೆ ಎಲ್ಲೋ ಕಿರಿಕಿರಿಯಾಗುತ್ತಿದೆ, ಅದನ್ನು ತೆಗೆಯಬೇಕು ಎಂದು ತೀರ್ಮಾನವಾಯಿತು. ಅವಳ ಹಿತ್ತಲಿಗೆ ನುಗ್ಗುತ್ತಿದ್ದ ಕೋಳಿಗಳನ್ನು ಕೆಳಮನೆಯವರು ಕುಕ್ಕೆಯಡಿ ಕವುಚಿದರು. ನಲ್ಲಿಯಲ್ಲಿ ಅವಳ ಬಿಂದಿಗೆಯೇ ಮೊದಲು. ಎರಡು ವರ್ಷದಿಂದ ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದ ಓರಗಿತ್ತಿ ಬಂದು ಒಂದು ಸೇರು ಅವರೆಕಾಳು ಕೊಟ್ಟು, "ಬದ ನಿಂದೇ ಇಟ್ಕೊಳಕ್ಕ, ಬಣ್ಣ ಬದ್ಲಾದ್ರೆ ಸಾಕು," ಅಂದಳು. ಹೊಂಬಾಳಮ್ಮ ಬದುವನ್ನೂ ಅವರೆಕಾಳನ್ನೂ ಇಟ್ಟುಕೊಂಡಳು. ಬಣ್ಣ ಬದಲಾಗಲಿಲ್ಲ.

"ನಿನ್ ಕಿಡ್ನಿ ಯಾರ ಮನೆಗೆ ಓಯ್ತದೋ ಅಂತ ನಿಂಗೆ ಒಳ್ಗೇ ದಿಗ್ಲು ಅದೆ ಕಣೆ," ಎಂದು ಚೆಲುವಮ್ಮ ಗೋಡೆಯ ಆಚೆಯಿಂದ ಹೊಸದೊಂದು ಕಾರಣ ತೆಗೆದಳು. "ಐವತ್ತು ವರ್ಷ ಮುದ್ದೆ ಉಪ್ಸಾರು ಸೋಸಿರೋ ಕಿಡ್ನಿ. ಅವ್ರು ಸಪ್ಪೆ ತಿನ್ನೋರಾದ್ರೆ ಅದುಕ್ಕೆ ಬೇಜಾರಾಗಾಕಿಲ್ವಾ?"

ಹೊಂಬಾಳಮ್ಮ ಒಂದು ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದಳು. ಸಪ್ಪೆಯಾದರೂ ಒಗ್ಗಿಕೊಳ್ಳಲಿ ಅಂತ ಮನಸ್ಸಿಗೆ ಸಮಾಧಾನವಾಯಿತು. ಪಟ್ಟಿ ಕೇಳಿತು. ಕೆಂಪು.

ಎಲ್ಲರಿಗಿಂತ ಹೆದರಿದವನು ಜವರಪ್ಪ. ಹೆಂಡತಿಗೆ ತೊಂದರೆ ಕೊಡಬಾರದೆಂದು ಅವನು ಕೆಮ್ಮುವುದನ್ನೇ ಬಿಟ್ಟ. ನೀರು ಬೇಕಾದರೆ ತಾನೇ ಗೋಡೆ ಹಿಡಿದುಕೊಂಡು ಹೋಗಿ ಲೋಟ ಬಗ್ಗಿಸಿಕೊಳ್ಳುತ್ತಿದ್ದ. ಹಸಿವಾದರೆ ಸುಮ್ಮನೆ ಕೂತಿರುತ್ತಿದ್ದ. ಮನೆಯೊಳಗೆ ಸದ್ದೇ ಇಲ್ಲದಂತಾಗಿ ಹೊಂಬಾಳಮ್ಮನಿಗೆ ಯಾವಾಗ ಮುದ್ದೆ ತೊಳಸಬೇಕೆಂಬುದೇ ತಪ್ಪಿಹೋಯಿತು. ಎಮ್ಮೆ ಎರಡು ದಿನ ಬಿಸಿಲಲ್ಲೇ ನಿಂತಿತ್ತು. ಅವಳು ತಡೆಯಲಾರದೆ, "ಒಂದ್ಸಲ ಕೆಮ್ಮಿ ಅತ್ಲಾಗೆ!" ಎಂದು ರೇಗಿದಳು. ಅವನು ಬಾಯಿಗೆ ಟವಲು ಒತ್ತಿಕೊಂಡು ತಲೆ ಅಲ್ಲಾಡಿಸಿದ.

ಅವನ ಕಾಲು ಊದುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಟವಲಿನ ಹಿಂದಿನ ಆ ಮುಖ ನೋಡಿದಾಗ ಹೊಂಬಾಳಮ್ಮನಿಗೆ, ಇವನು ತಾನು ಕೊಡಲೊಲ್ಲೆ ಎಂದೇ ತಿಳಿದಿದ್ದಾನೆ ಅನ್ನುವುದು ಗೊತ್ತಾಯಿತು. ಹಾಗಲ್ಲ ಎಂದು ಹೇಳೋಣವೆಂದರೆ ಮಣಿಕಟ್ಟಿನಲ್ಲಿ ಸಾಕ್ಷಿಯಿತ್ತು.

ಹತ್ತನೆಯ ದಿನ ಲವೀನಾ ಅವಳೊಬ್ಬಳನ್ನೇ ಕೇಂದ್ರಕ್ಕೆ ಕರೆಸಿ, ಬಾಗಿಲು ಹಾಕಿ, ಕೈ ಹಿಡಿದುಕೊಂಡಳು.

"ಹೊಂಬಾಳಮ್ಮ, ನನ್ನ ಹತ್ರ ಸತ್ಯ ಹೇಳಿ. ಮನೆಯಲ್ಲಿ ಯಾರಾದ್ರೂ ಬಲವಂತ ಮಾಡ್ತಿದ್ದಾರಾ?"

"ಯಾರು, ನಮ್ಮನೆಯೋರಾ? ಬಲವಂತ ಮಾಡೋಕೆ ಬಾಯಿ ಬ್ಯಾಡ್ವೇನವ್ವ?"

"ಹಾಗಲ್ಲ. ನಿಮಗೆ ಇಷ್ಟ ಇಲ್ಲದಿದ್ರೆ ಒಂದು ದಾರಿ ಉಂಟು. ನಿಮ್ಮ ಕಿಡ್ನಿಯ ರಕ್ತನಾಳ ಸರಿ ಇಲ್ಲ, ತೆಗೀಲಿಕ್ಕೆ ಆಗೋದಿಲ್ಲ ಅಂತ ನಾವೇ ಬರೆದು ಕೊಡ್ತೇವೆ. ನಿಜ ಸಂಗತಿ ಯಾರಿಗೂ ಗೊತ್ತಾಗೋದಿಲ್ಲ."

ಹೊಂಬಾಳಮ್ಮ ಕೈ ಕಿತ್ತುಕೊಂಡಳು. "ನನ್ ಕಿಡ್ನಿಗೆ ಸುಳ್ಳು ಎಸ್ರು ಇಕ್ತೀರಾ? ನಿಮ್ಮ ದೊಡ್ಡಾಸ್ಪತ್ರೇಲೇ ಫೋಟೋ ಇಡ್ದು, ಇಪ್ಪತ್ತು ವರ್ಷದ ಹುಡ್ಗಿ ಕಿಡ್ನಿ ಇದ್ದಂಗವೆ ಅಂದ್ರು. ಊರೆಲ್ಲ ಯೋಳ್ಕೊಂಡು ಬಂದಿವ್ನಿ!"

ಬಸ್ಸಿನಲ್ಲಿ ಹಿಂದಿರುಗುವಾಗ ಆ ಸಿಟ್ಟೆಲ್ಲ ಇಳಿದು ಹೆದರಿಕೆ ಹತ್ತಿತು. ಬಾಯಿ ಹೇಳುವುದು ನಿಜವೋ, ಪಟ್ಟಿ ಹೇಳುವುದು ನಿಜವೋ? ತನ್ನೊಳಗೆ ತನಗೇ ಕಾಣದಂತೆ ಯಾವಳೋ ಒಬ್ಬಳು ಕೂತು, ಗಂಡ ಸತ್ತರೂ ಸಾಯಲಿ ಅನ್ನುತ್ತಿದ್ದಾಳೆಯೇ? ಹಾಗಿದ್ದರೆ ಅವಳನ್ನು ಜುಟ್ಟು ಹಿಡಿದು ಈಚೆಗೆಳೆಯಬೇಕು. ಆದರೆ ಎಲ್ಲಿ ಕೂತಿದ್ದಾಳೆಂದು ಹುಡುಕುವುದು? ಅಂದು ಅವಳು ಬಸ್ಸಿನ ಪಕ್ಕೆ ತಟ್ಟುವುದನ್ನೂ ಮರೆತಳು.

ಹದಿಮೂರನೆಯ ದಿನ ಲವೀನಾ ಮತ್ತೆ ಕರೆಸಿದಳು. ಈ ಸಲ ಪರದೆಯ ಮೇಲೆ ನಕ್ಷೆಯಿರಲಿಲ್ಲ. ಸಾಲಾಗಿ ಕೆಂಪು ಚುಕ್ಕೆಗಳು, ಒಣಗಲು ಹರವಿದ ಮೆಣಸಿನಕಾಯಿಯ ಹಾಗೆ. ನಡುವೆ ಮೂರೇ ಮೂರು ಹಸಿರು.

"ಪಟ್ಟಿ ಮೂವತ್ತೇಳು ಸಲ ಕೇಳಿದೆ. ಮೂರು ಸಲ ಹಸಿರು. ನಾನು ಇಷ್ಟು ದಿನ ಕೆಂಪನ್ನೇ ನೋಡ್ತಾ ಇದ್ದೆ ಮಾರಾಯ್ರೆ, ಬುದ್ಧಿ ಇಲ್ಲ ನನಗೆ. ಹಸಿರು ಯಾಕೆ ಬಂತು ಅಂತ ನೋಡ್ಬೇಕಿತ್ತು. ನಾಲ್ಕನೇ ದಿನ ಬೆಳಿಗ್ಗೆ ಏಳು ಗಂಟೆಗೆ ಎಂಥ ಮಾಡ್ತಿದ್ರಿ?"

ಹೊಂಬಾಳಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. "ಚೆಲುವಮ್ಮ ಬಂದಿದ್ಲು. ನಾಟಿಗೆ ಮುಯ್ಯಾಳು ಕರೆಯೋಕೆ. ಆಗ್ತಾನೆ ಒಪ್ಕೊಂಡು ಒಳಕ್ಕೆ ಬಂದೆ."

"ಏಳನೇ ದಿನ ನಾಲ್ಕು ಗಂಟೆಗೆ?"

"ಅವತ್ತು... ಕೆಳಗ್ಲ ಬೀದಿಯೋರು ಮದ್ವೆಗೆ ಸೋಬಾನೆ ಯೋಳ್ಬೇಕು, ನೀನೇ ಬರ್ಬೇಕು ಕಣವ್ವ ಅಂತ ಕುಂಕ್ಮ ಕೊಟ್ಟು ಕರುದ್ರು."

"ಒಂಬತ್ತನೇ ದಿನ ನನಗೆ ಗೊತ್ತುಂಟು. ನಾನೇ ಫೋನ್ ಮಾಡಿದ್ದೆ. ನಾಳೆ ಒಂದು ಸಲ ಬರ್ಲಿಕ್ಕೆ ಆಗ್ತದಾ ಅಂತ ಕೇಳಿದೆ. ಫೋನ್ ಇಟ್ಟ ಮೇಲೆ ಪಟ್ಟಿ ಕೇಳಿದೆ, ಹಸಿರು ಬಂದಿದೆ." ಲವೀನಾ ಕುರ್ಚಿಯನ್ನು ಅವಳ ಕಡೆ ತಿರುಗಿಸಿದಳು. "ಯಾರಾದ್ರೂ ನಿಮ್ಮನ್ನು ಬಂದು ಕರೆದಾಗ ಮಾತ್ರ. ಹೊಂಬಾಳಮ್ಮ, ಜವರಪ್ಪನವರು ನಿಮ್ಮನ್ನು ಹೇಗೆ ಕೇಳಿದ್ರು?"

"ಏನ?"

"ಕಿಡ್ನಿ."

ಹೊಂಬಾಳಮ್ಮ ಬಾಯಿ ತೆರೆದಳು. ಡಬ್ಬಿಯ ಮುಚ್ಚಳ ಬೆಂಚಿನ ಕೆಳಗೆ ಉರುಳಿದ್ದು ನೆನಪಾಯಿತು. ಅರ್ಧ ಕೆಮ್ಮು ನೆನಪಾಯಿತು. ಹಿತ್ತಲಲ್ಲಿರುವ ಹಾರೆಯನ್ನು ತೋರಿಸುವಂತೆ ತನ್ನ ಕಡೆ ತಿರುಗಿದ ಗದ್ದ ನೆನಪಾಯಿತು.

"ಕೇಳೂದೇನವ್ವ," ಅಂದಳು ಸಣ್ಣಗೆ. "ಮನೇಲೇ ಐತಲ್ಲ."

"ನಮಸ್ಕಾರ. ತಾವು ಅಂಗದಾನಕ್ಕೆ ಈಗಲೂ—"

ಪ್ರಶ್ನೆ ಮುಗಿಯುವ ಮೊದಲೇ ಕೆಂಪು ಬಂತು. ಹೊಂಬಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಳಗೆ ಕೂತಿದ್ದವಳು ಸಿಕ್ಕಿದ್ದಳು. ಅವಳು ಗಂಡ ಸಾಯಲಿ ಎನ್ನುತ್ತಿರಲಿಲ್ಲ. ನಡುಮನೆಯಲ್ಲಿ ಕಾಲು ನೀಡಿಕೊಂಡು, ಹೊಸಿಲ ಕಡೆ ನೋಡುತ್ತ, ಯಾರಾದರೂ ಬಂದು ಕರೆಯಲಿ ಎಂದು ಕಾಯುತ್ತಿದ್ದಳು, ಅಷ್ಟೇ.

"ಇದ್ನ ಅವ್ರಿಗೆ ಯೋಳ್ಬ್ಯಾಡಿ," ಅಂದಳು. "ಕೇಳು ಅಂತ ಯೋಳ್ಕೊಟ್ಟು ಕೇಳಿಸ್ಕೊಂಡ್ರೆ ಅದು ಕೇಳ್ದಂಗಾಯ್ತದಾ?"

"ಹೇಳ್ಲಿಕ್ಕೆ ನನಗೆ ಕಾನೂನೂ ಬಿಡೋದಿಲ್ಲ," ಎಂದು ಲವೀನಾ ತಲೆ ಕೆರೆದುಕೊಂಡಳು. ಇನ್ನೆರಡೇ ದಿನ ಉಳಿದಿತ್ತು.

ಮಾರನೆಯ ದಿನ ಹೊಂಬಾಳಮ್ಮ ಬೇಕೆಂದೇ ಚೆಲುವಮ್ಮನ ಗದ್ದೆಗೆ ನಾಟಿಗೆ ಹೋದಳು. ಮನೆಯಲ್ಲಿದ್ದರೆ ಎಲ್ಲಿ ಬಾಯಿ ಬಿಟ್ಟುಬಿಡುತ್ತೇನೋ ಎಂದು ಅವಳಿಗೆ ಹೆದರಿಕೆ. ಸೊಂಟ ಬಗ್ಗಿಸಿ ಪೈರು ನೆಡುತ್ತ, ನಾಲ್ಕು ಮನೆಯ ಗೆರೆಗಳನ್ನೇ ಕಾಣುತ್ತಿದ್ದಳು. ಆ ಮೂರು ಮನೆಯವರು ತನಗೇನು ಮಾಡಿದ್ದರು? ಅಲ್ಲೂ ಯಾರೋ ಮೂರು ಲೋಟ ನೀರಲ್ಲಿ ದಿನ ತಳ್ಳುತ್ತಿರಬಹುದು. ತನ್ನ ಒಂದು ಮುನಿಸಿಗೆ ಅಷ್ಟೂ ಗದ್ದೆ ಬೀಳು ಬೀಳಬೇಕೆ? ಮುನಿಸನ್ನು ಕಿತ್ತೆಸೆಯೋಣವೆಂದು ಹಲ್ಲುಕಚ್ಚಿದಳು. ಗದ್ದೆಯ ನಡುವೆಯೇ ಪಟ್ಟಿ ಕೇಳಿತು. ಕೆಸರು ಒರೆಸಿ ನೋಡಿದರೆ ಅದೇ ಬಣ್ಣ.

ಊಟದ ಹೊತ್ತಿಗೆ ಮನೆಗೆ ಬಂದರೆ ಜವರಪ್ಪ ಇರಲಿಲ್ಲ. ಜಗಲಿಯಲ್ಲಿಲ್ಲ, ನಡುಮನೆಯಲ್ಲಿಲ್ಲ, ಹಿತ್ತಲ ಬಾಗಿಲು ತೆರೆದಿತ್ತು. ಹಿತ್ತಲಿಗೆ ಓಡಬೇಕೆನ್ನುವಷ್ಟರಲ್ಲಿ ಬೀದಿ ಬಾಗಿಲ ಕಡೆಯಿಂದ ಕೆಮ್ಮು ಕೇಳಿಸಿತು. ಎಷ್ಟೋ ದಿನದ ಮೇಲೆ ಅವಳ ಕಿವಿಗೆ ಬಿದ್ದ ಮೊದಲ ಕೆಮ್ಮು.

"ಬಂದೆ. ನೀರಾ?" ಎನ್ನುತ್ತ ಈಚೆ ಬಂದಳು.

ಅವನು ಹೊಸಿಲ ಆಚೆ ನಿಂತಿದ್ದ. ಹಿತ್ತಲ ಬಾಗಿಲಿನಿಂದ ಹೊರಟು, ಊದಿದ ಕಾಲೆಳೆದುಕೊಂಡು, ಮನೆಯನ್ನು ಸುತ್ತಿ ಬಂದಿದ್ದ. ಏದುಸಿರು ಬಿಡುತ್ತಿದ್ದ. ಹೆಗಲ ಮೇಲಿರಬೇಕಾದ ಟವಲು ಕೈಯಲ್ಲಿತ್ತು.

"ಒಳಕ್ಕೆ ಬನ್ನಿ, ಬಿಸ್ಲು."

"ಇಲ್ಲ. ಕರೆಯೋಕೆ ಬಂದಿವ್ನಿ."

"ಯಾರ್ನ?"

ಜವರಪ್ಪ ಗಂಟಲು ಸರಿಮಾಡಿಕೊಂಡ. ಅದು ಟವಲಿನ ಸದ್ದು. ಆದರೆ ಟವಲು ಕೈಯಲ್ಲೇ ಇತ್ತು. "ಹೊಂಬಾ... ಹೊಂಬಾಳಮ್ನೋರೆ," ಅಂದ.

ಹೊಂಬಾಳಮ್ಮ ಹಿಂತಿರುಗಿ ನೋಡಿದಳು. ಮನೆಯೊಳಗೆ ಬೇರೆ ಯಾರೂ ಇರಲಿಲ್ಲ.

"ನಮ್ಮನೆಗೆ ಒಂದಾಳು ಬೇಕಾಗಿತ್ತು."

ಆಚೆ ಗೋಡೆಯ ಮೇಲೆ ಚೆಲುವಮ್ಮನ ತಲೆ ಮೂಡಿತು. ಹೊಂಬಾಳಮ್ಮನಿಗೆ ಕಣ್ಣು ಮಂಜಾಯಿತು. ಆದರೂ ಬಾಯಿ ತನ್ನಷ್ಟಕ್ಕೆ ತಾನು ಕ್ರಮ ತಪ್ಪದೆ ಕೇಳಿತು:

"ಯಾವ ಕೆಲ್ಸಕ್ಕೆ?"

ಅವನು ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದನೋ ಏನೋ, ತಡವರಿಸಿದ. "ರಕ್ತ ಸೋಸೋ ಕೆಲ್ಸ. ಯಾರ್ದೋ ಗದ್ದೆಗೆ ನೀನು... ನೀವು ಓಗ್ಬೇಕು. ಅವ್ರ ಕಡೆ ಆಳು ಸುತ್ಕೊಂಡು ನನ್ ಗದ್ದೆಗೆ ಬತ್ತದೆ."

"ಎಷ್ಟು ದಿನದ್ದು?"

"ಬಾಳೋ ಗಂಟ."

"ಊಟ ಏನು?"

"ಮೂರು ತಿಂಗ್ಳು ನಾನೇ ಬೇಯಿಸ್ತೀನಿ. ಭಾರ ಎತ್ತಂಗಿಲ್ವಂತೆ ನೀನು. ನೀವು."

"ನೀವು ಬೇಯಿಸ್ತೀರಾ?" ಹೊಂಬಾಳಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. "ಮುದ್ದೆ ಗಂಟಾದ್ರೆ?"

"ಪಾಕ ನೋಡೋನಿಗೆ ಮುದ್ದೆ ಹದ ಸಿಕ್ಕಾಕಿಲ್ವಾ?"

"ಕೆಮ್ಬಿಟ್ರೆ ಮುದ್ದೆ ಬೇಯಾಕಿಲ್ಲ ಕಣಣ್ಣೋ!" ಎಂದು ಚೆಲುವಮ್ಮ ಗೋಡೆಯ ಮೇಲಿಂದ ಕೂಗಿದಳು. ಯಾರೂ ಅತ್ತ ತಿರುಗಲಿಲ್ಲ.

"ಮುಯ್ಯಿ ಎಂಗೆ ತೀರಿಸ್ತೀರಿ?" ಹೊಂಬಾಳಮ್ಮ ಕೇಳಿದಳು. ಈ ಸಲ ಅವಳ ದನಿಯಲ್ಲಿ ನಗುವಿರಲಿಲ್ಲ.

ಜವರಪ್ಪ ಟವಲನ್ನು ಹಿಂಡಿದ. "ತೀರಾಕಿಲ್ಲ. ಅದು ಗೊತ್ತಿದ್ದೇ ಕರೀತಿವ್ನಿ."

"ಬ್ಯಾಡ ಅಂದ್ರೆ?"

"ಬ್ಯಾಡ ಅಂದ್ರೆ ಬ್ಯಾಡ." ಅವನು ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದ. "ಮುನಿಸ್ಕೊಳಾಕಿಲ್ಲ. ಕರೆಯೋದು ನನ್ನ ಪಾಲು. ಬರೋದು ಬುಡೋದು ನಿಮ್ದು."

ಚೆಲುವಮ್ಮ ಗೋಡೆಯ ಮೇಲೆ ಇನ್ನಷ್ಟು ಈಚೆಗೆ ಬಗ್ಗಿದಳು.

"ನಮಸ್ಕಾರ. ತಾವು ಅಂಗದಾನಕ್ಕೆ ಈಗಲೂ—"

"ಸುಮ್ಕಿರೇ ನೀನು, ದೊಡ್ಡೋರು ಮಾತಾಡ್ತಾವ್ರೆ!" ಎಂದು ಹೊಂಬಾಳಮ್ಮ ಮಣಿಕಟ್ಟಿನ ಮೇಲೆ ರಪ್ಪನೆ ಹೊಡೆದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗಂಡನ ಕಡೆ ತಿರುಗಿ, ಕೊಡಬೇಕಾದ ಉತ್ತರವನ್ನು ಕೊಡಬೇಕಾದ ರೀತಿಯಲ್ಲಿ ಕೊಟ್ಟಳು. "ಬತ್ತೀನಿ ಓಗಿ."

"ಹಸುರು! ಹಸುರು ಕಣೆ!" ಚೆಲುವಮ್ಮ ಗೋಡೆಯನ್ನೇ ಏರಿ ಕಿರುಚುತ್ತಿದ್ದಳು.

ಹೋಗಿ ಎಂದರೂ ಅವನಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಯೋಚಿಸಿ, ಬಂದ ದಾರಿಯಲ್ಲೇ ಹಿತ್ತಲ ಕಡೆಯಿಂದ ಸುತ್ತಿಕೊಂಡು ಒಳಗೆ ಬಂದ.

ತಟ್ಟೆಯ ಮುಂದೆ ಕೂರಿಸಿ ಅವಳು ಕೇಳಿದಳು: "ಡಾಕ್ಟ್ರಮ್ಮ ಯೋಳ್ಕೊಟ್ರಾ?"

"ಇಲ್ಲ. ಫೋನ್ ಮಾಡಿದ್ರು. ನನ್ ಫಾರಮ್ಮಲ್ಲಿ ಹದಿನಾಕನೇ ಖಾನೆ ಖಾಲಿ ಅದೆಯಂತೆ. ಕೊಡೋರ್ನ ನೀವು ಕೇಳ್ಕೊಂಡ ತಾರೀಕು ಯಾವ್ದು ಅಂದ್ರು. ಕೆಮ್ಮಿದೆ. ಕೆಮ್ಮು ಖಾನೇಲಿ ಬರೆಯೋಕೆ ಬರಾಕಿಲ್ಲ ಅಂತ ಫೋನ್ ಇಟ್ಬುಟ್ರು." ಅವನು ಒಂದು ತುತ್ತು ಮುದ್ದೆ ಮುರಿದ. ಇಷ್ಟು ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಕೂತ್ಕೊಂಡು ಉಡುಕ್ದೆ. ಕಿಡ್ನಿದು ಬುಡು, ಮೂವತ್ತೊಂದು ವರ್ಷದಲ್ಲಿ ನಿನ್ನ ಏನಾದ್ರೂ ಬಾಯ್ಬುಟ್ಟು ಕೇಳಿದ್ ತಾರೀಕು ಒಂದೂ ಸಿಗ್ನಿಲ್ಲ."

ಹೊಂಬಾಳಮ್ಮ ಸಾರು ಬಡಿಸಿದಳು. ಡಾಕ್ಟರು ಹೇಳಿದ್ದಕ್ಕಿಂತ ಅರ್ಧ ಸೌಟು ಹೆಚ್ಚೇ ಬಿತ್ತು. ತಕ್ಷಣ ಎಚ್ಚೆತ್ತು ಅದನ್ನು ತನ್ನ ತಟ್ಟೆಗೆ ಬಗ್ಗಿಸಿಕೊಂಡಳು.

ಹದಿನೈದನೆಯ ದಿನ ಪಟ್ಟಿ ಮೂರು ಸಲ ಕೇಳಿತು. ಮೂರನೆಯ ಸಲ ಕೇಳಿದಾಗ ನಲ್ಲಿಯ ಹತ್ತಿರ ಹದಿನಾಲ್ಕು ಜನ ಹೆಂಗಸರೂ ಬಗ್ಗಿ ನೋಡುತ್ತಿದ್ದರು. ಓರಗಿತ್ತಿಯೂ ಅವರಲ್ಲಿದ್ದಳು. ಹಸಿರು ಬಂದದ್ದನ್ನು ಕಣ್ಣಾರೆ ಕಂಡ ಮೇಲೆ, "ಅಕ್ಕ, ಆ ಬದದ ವಿಚಾರ..." ಎಂದು ಮೆಲ್ಲಗೆ ಮಾತು ತೆಗೆದಳು.

ಎಂಟು ದಿನದ ಮೇಲೆ ನಾಲ್ಕು ಊರುಗಳ ಆಸ್ಪತ್ರೆಗಳಲ್ಲಿ ಬೆಳಿಗ್ಗೆ ಆರಕ್ಕೇ ಎಲ್ಲ ಸಿದ್ಧವಾಯಿತು. ಹೊಂಬಾಳಮ್ಮ ಹಸಿರು ಗೌನು ತೊಟ್ಟು, ತಲೆಗೆ ಟೋಪಿ ಹಾಕಿಸಿಕೊಂಡು, ಗಾಲಿಮಂಚದ ಮೇಲೆ ಮಲಗಿದ್ದಳು. ಪಕ್ಕದ ಗಾಲಿಮಂಚದಲ್ಲಿ ಜವರಪ್ಪ. ಯಾವ ಊರಿನಿಂದಲೋ ಅವನ ಆಳು ತಂಪುಪೆಟ್ಟಿಗೆಯಲ್ಲಿ ಹೊರಡಲಿತ್ತು. ಅದನ್ನು ಕೊಡುವ ಮನೆಯವರನ್ನೂ ಕ್ರಮದಂತೆ ಕರೆಯಬೇಕೆಂದು ಅವನು ಹಿಂದಿನ ದಿನ ಹಟ ಹಿಡಿದು, ಹೆಸರಿಲ್ಲದೆ ಒಂದು ಸಾಲನ್ನು ಲವೀನಾಳ ಫೋನಿನಲ್ಲಿ ಹೇಳಿ ಕಳಿಸಿದ್ದ. ಅವರ ಹೊಸಿಲು ಎಲ್ಲಿದೆಯೆಂದು ಗೊತ್ತಿಲ್ಲದ್ದರಿಂದ ಕೇಂದ್ರದ ಬಾಗಿಲ ಆಚೆ ನಿಂತು ಹೇಳಿದ್ದ.

ಲವೀನಾ ಕೈಯಲ್ಲಿ ಹಲಗೆ ಹಿಡಿದು ಬಂದಳು. ಕೊಡುವವರ ಫಾರಮ್ಮಿನಲ್ಲಿ ಈಗ "ಒಪ್ಪಿಗೆ ಇದೆಯೇ" ಎನ್ನುವುದಕ್ಕೆ ಮುಂಚೆ ಹೊಸದೊಂದು ಸಾಲು ಸೇರಿತ್ತು. ಮಸಿ ಇನ್ನೂ ಹೊಸದು.

"ಹೊಂಬಾಳಮ್ಮ, ಕೊನೆಯ ಪ್ರಶ್ನೆ. ನಿಮ್ಮನ್ನು ಕೇಳಿದ್ದಾರಾ?"

ಹೊಂಬಾಳಮ್ಮ ಪಕ್ಕದ ಮಂಚದ ಕಡೆ ಹೊರಳಿ ನೋಡಿದಳು. ಜವರಪ್ಪ ಮೇಲ್ಛಾವಣಿಯ ದೀಪ ನೋಡುತ್ತಿದ್ದ. ಹೆದರಿಕೆಗೋ ಏನೋ, ಗದ್ದ ಸಣ್ಣಗೆ ನಡುಗುತ್ತಿತ್ತು.

"ಕೇಳವ್ರೆ ಕಣವ್ವ," ಅಂದಳು. "ಆದ್ರೂ ಇನ್ನೊಂದ್ಸಲ ಕೇಳ್ಲಿ ಬುಡಿ. ಚೆನ್ನಾಗಿತ್ತು."